ಪೈಪಿನ ಅಡಿಯ ತೂತು

ಬ್ಯಾರನ್ನಿನಿಂದ ವಾಸನೆ ಬರುತ್ತಿದೆಯಂತೆ. ಮೊನ್ನೆ ಮೊಮ್ಮಗಳು ಸ್ಕೂಲ್ ಬಸ್ಸಿಳಿದು ಬರುತ್ತಲೇ ಹೇಳಿದಳು: "ಅಜ್ಜಿ, ರೋಡಿನ ತಂಕ ಬತ್ತಾ ಅದೆ ಸೊಪ್ಪಿನ ವಾಸ್ನೆ. ಬೆಲ್ಲ ಕಾಯಿಸ್ದಂಗೆ." ನಾನು ಬ್ಯಾರನ್ನಿನ ಬಾಗಿಲಲ್ಲೇ ಕೂತಿದ್ದೆ. ನನಗೆ ಏನೂ ಬರುತ್ತಿರಲಿಲ್ಲ. "ಹೂಂ, ಬತ್ತದೆ" ಅಂದೆ. ಮೊದಲ ಕೊರೊನಾ ವರ್ಷದಿಂದ ಹೀಗೇ ಹೂಂ ಅನ್ನುತ್ತಾ ಬಂದಿದ್ದೇನೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲೆಲ್ಲ ಒಂದು ಬ್ಯಾರನ್ ಇರುತ್ತದೆ. ಎತ್ತರದ ಗೋಡೆ, ಮೇಲೆ ಹೆಂಚು, ಒಂದೇ ಬಾಗಿಲು. ಒಲೆ ಹೊರಗೆ. ಒಳಗೆ ನೆಲದಿಂದ ಮೊಣಕಾಲೆತ್ತರದಲ್ಲಿ ಗೋಡೆ ಸುತ್ತ ಓಡುವ ತಗಡಿನ ಪೈಪು. ಒಲೆಯ ಬಿಸಿ ಆ ಪೈಪಿನಲ್ಲಿ ಹರಿದು, ಮೇಲೆ ಕಡ್ಡಿಗೆ ಕಟ್ಟಿ ಸಾಲು ಸಾಲಾಗಿ ನೇತುಹಾಕಿದ ಹಸಿ ಸೊಪ್ಪನ್ನು ಐದಾರು ದಿನದಲ್ಲಿ ಹದ ಮಾಡುತ್ತದೆ. ಒಳಗೆ ಒಂದು ಥರ್ಮಾಮೀಟರ್ ನೇತುಬಿಟ್ಟಿದೆ. ಅದನ್ನು ಮಗ ಮಹದೇವ ನೋಡುತ್ತಾನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಗೀಟುಗಳಿಗಿಂತ ನನ್ನ ಮೂಗನ್ನೇ ನಂಬಿದವಳು. ಮೊದಲ ದಿನ ಹಸಿ ಹುಲ್ಲಿನ ವಾಸನೆ, ಎಲೆ ಹಳದಿಗೆ ತಿರುಗುವಾಗ ಕಳಿತ ಹಣ್ಣಿನದು, ಆಮೇಲೆ ಬೆಲ್ಲದ್ದು, ಕೊನೆಗೆ ಎಲೆಯ ನಡುದಂಟು ಒಣಗುವಾಗ ಒಣ ಕಟ್ಟಿಗೆಯದು. ಒಂದೇ ಒಂದು ಎಲೆ ಉದುರಿ ಪೈಪಿನ ಮೇಲೆ ಬಿದ್ದು ಸೀಯತೊಡಗಿದರೂ ನನಗೆ ಬಾವಿಯ ಹತ್ತಿರಕ್ಕೇ ಗೊತ್ತಾಗುತ್ತಿತ್ತು. ಅಷ್ಟರಲ್ಲೇ ಗೊತ್ತಾಗಬೇಕು. ತಡವಾದರೆ ಬ್ಯಾರನ್ನೇ ಹತ್ತಿಕೊಳ್ಳುತ್ತದೆ. ಅಕ್ಕಪಕ್ಕದ ಹೊಲದವರೂ "ಒಸಿ ಬಂದು ಮೂಸಿ ಓಗವ್ವ" ಎಂದು ಕರೆಯುತ್ತಿದ್ದರು. ಈ ಮೂಗು ಕೈಕೊಟ್ಟ ವರ್ಷದ ವಿಷಯ ಹೇಳುತ್ತೇನೆ.

ಆ ವರ್ಷ ಯುಗಾದಿಯ ಹೊತ್ತಿಗೆ ಎಲ್ಲ ಮುಚ್ಚಿದರು. ಟೀವಿಯಲ್ಲಿ ಮನೆಯಲ್ಲೇ ಇರಿ ಅಂದರು. ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹಾಯಿಸುವವರು ಮನೆಯಲ್ಲೇ ಹೇಗಿರಬೇಕು ಎಂದು ಯಾರೂ ಹೇಳಲಿಲ್ಲ. ಬೆಳಿಗ್ಗೆ ಇಷ್ಟು ಹೊತ್ತು ಅಂಗಡಿ ತೆಗೆಯಬಹುದು ಅಂದರು. ನಾವು ಆ ಹೊತ್ತಿಗೆ ಹೋದರೆ ಹೊತ್ತು ಬದಲಾಗಿರುತ್ತಿತ್ತು. ಡೈರಿ ಮುಂದೆ ಸುಣ್ಣದಲ್ಲಿ ದೂರ ದೂರಕ್ಕೆ ಸೊನ್ನೆ ಬರೆದರು. ನಮ್ಮವರು ಹಾಲಿನ ಕ್ಯಾನುಗಳನ್ನು ಸೊನ್ನೆಯೊಳಗೆ ಇಟ್ಟು, ತಾವು ಅರಳಿಕಟ್ಟೆಯ ಮೇಲೆ ಒತ್ತಿಕೊಂಡು ಕೂತು ಕೊರೊನಾ ವಿಷಯ ಮಾತಾಡುತ್ತಿದ್ದರು.

ನನಗೆ ಮೊದಲಿಂದಲೂ ಅನುಮಾನ. ಕಾಯಿಲೆಯ ಮೇಲಲ್ಲ, ಜನರ ಮೇಲೆ. ಜ್ವರ ಬಂದವನು ಬಂದಿದೆ ಅನ್ನುವುದಿಲ್ಲ, ಮೈಸೂರಿಗೆ ಹೋಗಿ ಬಂದವನು ಹೋಗಿದ್ದೆ ಅನ್ನುವುದಿಲ್ಲ. ಕೆ.ಆರ್. ನಗರದ ಕಡೆಯಿಂದ ಆಟೋದಲ್ಲಿ ತರಕಾರಿ ತರುತ್ತಿದ್ದವನು ಒಮ್ಮೆ ಸೀನಿದ. ಅವನನ್ನು ಊರಾಚೆ ಅಟ್ಟಿ, ಆಗಲೇ ಕೊಂಡಿದ್ದ ಬದನೆಕಾಯಿಯನ್ನು ಅರಿಶಿನದ ನೀರಲ್ಲಿ ತೊಳೆದು ಹುಳಿಗೆ ಹಾಕಿದೆವು. ಬಿಸಾಡಲಿಲ್ಲ.

ರಸ್ತೆ ಮುಚ್ಚಿ ಎಂದು ಸರ್ಕಾರದವರು ಹೇಳಿರಲಿಲ್ಲ. ನಾವೇ ಮುಚ್ಚಿದೆವು. ಊರ ಬಾಗಿಲಲ್ಲಿ ಜಾಲಿ ಮುಳ್ಳು ಎಳೆದು, ಒಂದು ತಗಡಿನ ಮೇಲೆ 'ಹೊರಗಿನವರು ಬರಬಾರದು, ಒಳಗಿನವರು ಹೋದರೆ ವಾಪಸ್ ಬರಬಾರದು' ಎಂದು ಬರೆದು ಕಟ್ಟಿದರು. ಎರಡು ದಿನಕ್ಕೆ ಹುಣಸೂರಿನಿಂದ ಜೀಪು ಬಂತು. ಇಳಿದ ಸಾಹೇಬರು ಬೈದರು: "ಯಾರ್ರೀ ಇದು ಹಾಕಿದ್ದು? ನಾಳೆ ಯಾರಿಗಾದ್ರೂ ಉಸಿರು ಸಿಕ್ಕಿಕೊಂಡ್ರೆ ಆಂಬುಲೆನ್ಸು ಹಾರಿ ಬರಬೇಕಾ?" ಆಯ್ತು ಸ್ವಾಮಿ ಎಂದು ಮುಳ್ಳು ತೆಗೆದೆವು. ಜೀಪಿನ ಧೂಳು ನೆಲ ಸೇರುವ ಮುಂಚೆ ಮತ್ತೆ ಎಳೆದೆವು. ಮಾರಿಹಬ್ಬದ ಕೆಲಸವನ್ನು ಮನೆಮನೆಗೆ ಹಂಚುವ ಹಾಗೆಯೇ ಬೇಲಿ ಕಾಯುವುದನ್ನೂ ಹಂಚಿದರು, ದಿನಕ್ಕೊಂದು ಮನೆ.

ನಮ್ಮ ಮನೆಯ ಸರದಿಯ ದಿನ ಮಹದೇವ ಸಸಿ ಮಡಿಯಲ್ಲಿದ್ದ. ಅವನ ಬದಲು ನಾನು ಹೋಗಿ ಹೊಂಗೆ ಮರದಡಿ ಒಂದು ಕೋಲು ಹಿಡಿದು ಕೂತೆ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಒಬ್ಬಳು ಗಂಟು ಹೊತ್ತು, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ ಹಿಡಿದು ಕಾಲೆಳೆದುಕೊಂಡು ಬರುವುದು ಕಂಡಿತು. ಹತ್ತಿರ ಬಂದ ಮೇಲೆ ನೋಡಿದರೆ ಚಿಕ್ಕತಾಯಿ. ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ತೀರಿಕೊಂಡು ಬಹಳ ವರ್ಷವಾಗಿದೆ. ಅವಳಿಗೆ ಮಕ್ಕಳಿಲ್ಲ. ಇರುವುದೊಂದು ಹಸು. ವರ್ಷದಲ್ಲಿ ಅರ್ಧ ಕಾಲ ಹಸುವನ್ನು ಯಾರಿಗಾದರೂ ಒಪ್ಪಿಸಿ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಅವಳ ನಾಲಿಗೆಯೂ ನನ್ನ ನಾಲಿಗೆಯಂಥದ್ದೇ.

"ಅಕ್ಕ, ಮುಳ್ಳು ಎಳಿ" ಅಂದಳು.

"ಎಲ್ಲಿಂದ ಬಂದೆ?"

"ಎಲ್ಲಿಂದ ಅಂದ್ರೆ? ನಿಂಗೊತ್ತಿಲ್ವಾ? ತೋಟದ ಲೆಕ್ಕದ ರೈಟ್ರು ಎಲ್ರೂ ಒರಡಿ ಅಂದ್ರು, ಒರಟೆ. ಬಸ್ಸಿಲ್ಲ. ಪಿರಿಯಾಪಟ್ಣದ ಮೇಲಾಸಿ ನಡ್ಕಂಡು ಬಂದೆ."

"ಯಾರ ಜೊತೇಲಿ ಬಂದೆ?"

"ಮೂರು ನಾಯಿ ಜೊತೇಲಿ. ಅವುಕ್ಕೆ ಜ್ವರ ಇರ್ನಿಲ್ಲ."

"ಕೈ ತೋರ್ಸು. ಸೀಲು ಹಾಕವ್ರಾ?" ಹೊರಗಿಂದ ಬಂದವರ ಕೈಗೆ ಆಗ ಸೀಲು ಒತ್ತುತ್ತಿದ್ದರು. ಅವಳು ಎರಡೂ ಕೈ ಚಾಚಿದಳು. ಸೀಲಿರಲಿಲ್ಲ.

"ಸೀಲಿಲ್ಲ ಅಂದ್ರೆ ಕದ್ದು ಬಂದಿದೀಯ."

"ಸೀಲಿದ್ದಿದ್ರೆ ಕಾಯಿಲೆಯೋಳು ಅಂತಿದ್ದೆ. ಇಲ್ಲ ಅಂದ್ರೆ ಕಳ್ಳಿ ಅಂತೀಯ. ನಾ ಯಾವ ಕೈ ತರ್ಬೇಕಿತ್ತು ಏಳು."

ನಾನು ಕೂತಲ್ಲಿಂದ ಕದಲಲಿಲ್ಲ. ಅವಳು ಗಂಟು ಕೆಳಗಿಟ್ಟು, "ನಿನ್ನ ಓರಗಿತ್ತಿ ಕಣಕ್ಕ ನಾನು" ಅಂದಳು.

"ಅದಕ್ಕೇ ಬುಡಕ್ಕಾಗಲ್ಲ. ನಾನು ನಮ್ಮೋರು ಅಂತ ಬುಟ್ರೆ ನಾಳೆ ಎಲ್ರೂ ಅವರವರೋರ ಬುಡ್ತಾರೆ."

ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಕೈಯಲ್ಲಿ ಕೋಲಿತ್ತು, ಆ ಕಡೆ ಅವಳಿದ್ದಳು. ಬೇರೆ ಯಾರಾಗಿದ್ದರೂ ಇನ್ನೊಬ್ಬರನ್ನು ಕೇಳೋಣ ಅನ್ನುತ್ತಿದ್ದೆನೇನೋ.

ನಮ್ಮ ಹೊಲ ಬೇಲಿಯ ಆಚೆಗಿದೆ. "ಬ್ಯಾರನ್ ಖಾಲಿ ಅದೆ. ಹದಿನಾಲ್ಕು ದಿನ ಅಲ್ಲಿರು, ಊಟ ಕಳಿಸ್ತೀನಿ" ಅಂದೆ.

"ಬ್ಯಾರನ್ನಿಗೆ ಸೊಪ್ಪು ತುಂಬ್ತಾರೆ, ಜನಾನಲ್ಲ."

"ಬಾಗ್ಲು ತೆಕ್ಕೊಂಡಿರು. ಗಾಳಿ ಬತ್ತದೆ."

ಹೋದಳು. ಹದಿನಾಲ್ಕು ದಿನವೂ ಎರಡು ಹೊತ್ತು ಮುದ್ದೆ, ಸಾರು ನಾನೇ ತೆಗೆದುಕೊಂಡು ಹೋಗುತ್ತಿದ್ದೆ. ಬಾಗಿಲಿಂದ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಅದರ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಅವಳು ಬಂದು ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ಮುಗಿದಿದೆ ಎಂದಳು. ಅದನ್ನು ಆಶಾ ಕೆಲಸದ ಮಂಜುಳ ತಂದುಕೊಟ್ಟಳು. ಮಂಜುಳ ನಮ್ಮೂರಿನ ಸೊಸೆಯೇ. ದಿನವೂ ಮನೆ ಮನೆಗೆ ಬಂದು ಯಾರಿಗೆ ಕೆಮ್ಮು, ಯಾರಿಗೆ ಜ್ವರ ಎಂದು ಬರೆದುಕೊಂಡು ಹೋಗುವುದು ಅವಳ ಕೆಲಸ.

ಎಂಟೋ ಒಂಬತ್ತೋ ದಿನವಾದಾಗ ಚಿಕ್ಕತಾಯಿ ಬಾಗಿಲಲ್ಲಿ ನಿಂತು ಕೂಗಿದಳು. "ಅಕ್ಕ, ಹಿಂದ್ಗಡೆ ಮೂಲೇಲಿ ಪೈಪು ತಿರುಗೋ ತಾವ ಅಡೀಲಿ ತೂತಾಗದೆ. ನಿಂತ್ರೆ ಕಾಣಲ್ಲ. ಮಲ್ಕೊಂಡ್ರೆ ಕಾಣ್ತದೆ. ನಾ ಮಲ್ಗಿರ್ತೀನಲ್ಲ, ಅದಕ್ಕೆ ಕಾಣ್ತು. ಬಂದು ನೋಡು."

ನಾನು ಅಲ್ಲೇ ನಿಂತು ಯೋಚಿಸಿದೆ. ಇವಳಿಗೆ ನನ್ನ ಪೈಪಿನ ಮೇಲೆ ಯಾಕೆ ಇಷ್ಟು ಕಾಳಜಿ? ನಾನು ಒಂದು ಸಲ ಒಳಗೆ ಕಾಲಿಟ್ಟರೆ, 'ನೀನೂ ಬಂದಾಯಿತಲ್ಲ, ಇನ್ನು ನಾನು ಊರಿಗೆ ಬಂದರೇನು' ಅನ್ನುತ್ತಾಳೆ. ಅಷ್ಟಕ್ಕೇ ಇದು. "ಆಮೇಲೆ ನೋಡುಸ್ತೀನಿ ಬುಡು" ಅಂದೆ. ಮಗನಿಗೆ ಹೇಳಲಿಲ್ಲ. ಹೇಳಿದರೆ ಅವನು ಹೋಗಿ ನೋಡುತ್ತಿದ್ದ.

ಹದಿನೈದನೆಯ ದಿನ ಅವಳು ಬ್ಯಾರನ್ ಗುಡಿಸಿ, ನೀರು ಚಿಮುಕಿಸಿ, ಗಂಟು ಹೊತ್ತು ಊರೊಳಗೆ ಬಂದಳು. ನಮ್ಮ ಮನೆ ಮುಂದೆ ಹಾಯುವಾಗ ಈ ಕಡೆ ನೋಡಲಿಲ್ಲ. ಅವಳಿಗೆ ಒಂದು ದಿನವೂ ಕೆಮ್ಮು ಬಂದಿರಲಿಲ್ಲ. ಇದರಿಂದ ನನಗೆ ಸ್ವಲ್ಪ ನಿರಾಸೆಯೇ ಆಯಿತು ಎಂದರೆ ನೀವು ಏನು ಬೇಕಾದರೂ ಅಂದುಕೊಳ್ಳಿ.

ಮಳೆ ಬಂತು, ಸಸಿ ನೆಟ್ಟೆವು. ಬಸ್ಸು ಬಿಟ್ಟರು. ಬೇಲಿಯ ಮುಳ್ಳು ಒಲೆಗೆ ಹೋಯಿತು. ಇನ್ನು ಮುಗಿಯಿತು ಅಂದುಕೊಳ್ಳುವಾಗ ಕಾಯಿಲೆ ನಿಜವಾಗಿ ಬಂತು. ಮೊದಲು ಸಿಕ್ಕಿದ್ದು ಮೇಗಲ ಬೀದಿಯ ಸ್ವಾಮಣ್ಣ. ಹ್ಯಾಂಡ್‌ಪೋಸ್ಟ್ ಊರಿನಲ್ಲಿ ನೆಂಟರ ತಿಥಿಗೆ ಹೋಗಿ ಬಂದಿದ್ದ. ಅವನ ಬೀದಿಗೆ ಬಿದಿರು ಕಟ್ಟಿದರು, ಬಾಗಿಲಿಗೆ ಚೀಟಿ ಅಂಟಿಸಿದರು, ಅವನನ್ನು ಹುಣಸೂರಿನ ಒಂದು ಹಾಸ್ಟೆಲ್ಲಿಗೆ ಕರೆದುಕೊಂಡು ಹೋದರು. ಹತ್ತು ದಿನ ಕಳೆದು ಬಂದು, ದಿನವೂ ಮೊಟ್ಟೆ ಕೊಟ್ಟರು ಎಂದು ಹೇಳಿಕೊಂಡ. ಆದರೆ ಅಷ್ಟು ದಿನವೂ ಅವನ ಮನೆಯ ಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳಲಿಲ್ಲ, ಹೆಂಡತಿ ತಿಪ್ಪೆಗೆ ಸುರಿದಳು. ಅವನ ಹೊಲಕ್ಕೆ ಸೊಪ್ಪು ಮುರಿಯಲು ಒಬ್ಬರೂ ಹೋಗಲಿಲ್ಲ. ಎಲೆ ಗಿಡದಲ್ಲೇ ಹಣ್ಣಾಗಿ, ಕರಕಾಗಿ ಹೋಯಿತು. ಕಾಯಿಲೆ ಅವನಿಗೆ ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ನಾವು. ಅವನ ಬೀದಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದವರಲ್ಲಿ ನಾನೂ ಒಬ್ಬಳು.

ನಾವು ಎರಡನೆಯ ಸಲ ಬ್ಯಾರನ್ನಿಗೆ ಸೊಪ್ಪು ಏರಿಸುವ ಹೊತ್ತಿಗೆ ನನಗೆ ಮೈಕೈ ನೋವು ಬಂತು. ಎರಡು ದಿನ ಜ್ವರ. ಮಳೆಯಲ್ಲಿ ನೆಂದೆ ಅಂದೆ. ಜ್ವರ ಬಿಟ್ಟ ಬೆಳಿಗ್ಗೆ ಒಲೆ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಸೊಸೆ ಶಶಿಕಲಾ ಹೊರಗಿನಿಂದ ಓಡಿ ಬಂದಳು. ಅವಳು ಮಿರ್ಲೆಯವಳು, ಮಾತು ಕಡಿಮೆ, ಕಣ್ಣು ಚುರುಕು.

"ಅತ್ತೆ, ಆಲು ಸೀದೋಯ್ತಾ ಅದೆ. ಪಕ್ಕದಲ್ಲೇ ಕುಂತಿದೀರಲ್ಲ."

ನೋಡಿದರೆ ಪಾತ್ರೆ ತಳ ಕಪ್ಪಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅವಳು ಆ ಕಡೆ ಹೋದ ಮೇಲೆ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಇಲ್ಲ. ದೇವರ ಮನೆಗೆ ಹೋಗಿ ಕರ್ಪೂರ. ಇಲ್ಲ. ಹಿತ್ತಿಲಲ್ಲಿ ಸೀಮೆಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೂಗನ್ನೇ ಒಳಗಿಟ್ಟೆ. ನೀರಿನ ಡಬ್ಬ ಇದ್ದ ಹಾಗಿತ್ತು.

ಆವತ್ತೇ ಮಂಜುಳ ಬಂದಳು. ಜಗುಲಿಯ ಕೆಳಗೆ ನಿಂತು, ಪುಸ್ತಕ ತೆಗೆದು, "ಅಜ್ಜಿ, ಜ್ವರ ಬಂದಿತ್ತಂತೆ?" ಅಂದಳು.

"ಯಾರಂದ್ರು?"

"ಯಾರೋ ಅಂದ್ರು. ವಾಸನೆ, ರುಚಿ ಎಲ್ಲ ಗೊತ್ತಾಯ್ತದಾ?"

"ಯಾರನ್ನ ಕೇಳ್ತಿದೀಯ ನೀನು? ಬಾವಿ ತಾವ ನಿಂತ್ಕಂಡು ಬ್ಯಾರನ್ನು ಮೂಸೋಳು ನಾನು."

ಮಂಜುಳ ಬಾಗಿಲಲ್ಲಿ ನಿಂತಿದ್ದ ಶಶಿಕಲಾಳ ಮುಖ ನೋಡಿದಳು. ಶಶಿಕಲಾ ನೆಲ ನೋಡಿದಳು. ಮಂಜುಳ ಏನೋ ಬರೆದುಕೊಂಡು ಹೋದಳು. ಆ ಮಧ್ಯಾಹ್ನದಿಂದ ಶಶಿಕಲಾ ನನ್ನ ತಟ್ಟೆ, ಲೋಟ ಬೇರೆ ಕಡೆ ಇಡತೊಡಗಿದಳು. ನಾನು ಯಾಕೆಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಿದಿರು ಕಟ್ಟಿದ ಮನೆಯವರ ಗಿಡದ ಮೇಲಿನ ಸೊಪ್ಪು ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಬ್ಯಾರನ್ ಕಾಯುತ್ತೇನೆ ಎಂದು ಹೊಲಕ್ಕೆ ಹೋಗಿ ಕೂತೆ. ಮೊಮ್ಮಗಳಿಂದ ದೂರ ಇರಲು ಹಾಗೆ ಮಾಡಿದೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನುವುದಿಲ್ಲ. ಆದರೆ ಮುಖ್ಯವಾಗಿ ಮಂಜುಳಳ ಕಣ್ಣಿಗೆ ಬೀಳಬಾರದಿತ್ತು. ಮಗ ಥರ್ಮಾಮೀಟರ್ ನೋಡಿ ಬಂದು, "ಅವ್ವ, ವಾಸ್ನೆ ಎಂಗದೆ?" ಎಂದು ಕೇಳುತ್ತಿದ್ದ. ನಾನು ಗಾಳಿಯನ್ನು ಎಳೆದುಕೊಂಡು, ದಿನ ಲೆಕ್ಕ ಹಾಕಿ, "ಬೆಲ್ಲಕ್ಕೆ ತಿರುಗದೆ. ಇನ್ನೊಸಿ ಉರಿ ಕೊಡು" ಅನ್ನುತ್ತಿದ್ದೆ. ಅವನು ಕೊಡುತ್ತಿದ್ದ. ನನ್ನ ಮಾತಿನ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ. ಊರಲ್ಲಿ ಅನುಮಾನ ಇಲ್ಲದವನು ಆಗ ಅವನೊಬ್ಬನೇ.

ಒಲೆ ಹಚ್ಚಿದ ಐದನೆಯ ದಿನ. ಒಳಗೆ ನಡುದಂಟು ಒಣಗುವ ಹಂತ, ಬಿಸಿ ಹೆಚ್ಚಿರುವ ದಿನ. ಮಧ್ಯಾಹ್ನ ಮಹದೇವ ಸೌದೆ ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋದ. ನಾನು ಬ್ಯಾರನ್ನಿನ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದೆ. ಹೊಲದ ಬದುವಿನಲ್ಲಿ ಚಿಕ್ಕತಾಯಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು. ನಾಲ್ಕು ತಿಂಗಳಿಂದ ಮಾತಿಲ್ಲ. ಅವಳು ತಲೆ ಎತ್ತಿದ್ದು, ಕುಡುಗೋಲು ಬಿಸಾಕಿದ್ದು, ನಮ್ಮ ಕಡೆ ಓಡಿ ಬಂದದ್ದು ಕಂಡಿತು. ಜಗಳಕ್ಕೇ ಬಂದಳು ಅಂದುಕೊಂಡು ಎದ್ದು ನಿಂತೆ.

"ಅಕ್ಕ, ಸೊಪ್ಪು ಸೀಯ್ತಾ ಅದೆ."

"ಎಲ್ಲಿ?"

"ಎಲ್ಲಿ ಅಂತೀಯಲ್ಲ. ಒಳ್ಗೆ. ಬೆಂಕಿ ಎಳಿ ಒಲೆಯಿಂದ."

ನಾನು ಕಬ್ಬಿಣದ ಸಲಾಕಿಯಲ್ಲಿ ಒಲೆಯ ಕೊಳ್ಳಿಗಳನ್ನು ಈಚೆ ಎಳೆದೆ. ಅವಳು ತೊಟ್ಟಿಯಲ್ಲಿ ಗೋಣಿಚೀಲ ಅದ್ದಿ, ತಲೆ ಮೇಲೊಂದು ಹಾಕಿಕೊಂಡು ಒಂದನ್ನು ಕೈಯಲ್ಲಿ ಹಿಡಿದಳು. "ನಾ ಒಳಕ್ಕೋದ ಮೇಲೆ ಬಾಗ್ಲು ಹಾಕು. ಗಾಳಿ ಓದ್ರೆ ಧಗ್ ಅಂತದೆ. ಕೂಗಿದ್ರೆ ತೆಗಿ" ಅಂದು ನೆಲಕ್ಕೆ ಮಲಗಿ, ಹೊಟ್ಟೆಯ ಮೇಲೆ ತೆವಳಿಕೊಂಡು ಸೊಪ್ಪಿನ ಕೆಳಗೆ ಹೋದಳು. ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಹಿಂದಿನ ಮೂಲೆ, ಪೈಪು ತಿರುಗುವ ಜಾಗ. ಏಪ್ರಿಲ್ಲಿನಲ್ಲಿ ಸಣ್ಣದಿದ್ದ ತೂತು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಅದರಿಂದ ಕಿಡಿ ಹಾರಿ, ನೆಲದಲ್ಲಿ ಉದುರಿದ್ದ ಎಲೆ ಹತ್ತಿಕೊಂಡಿತ್ತು.

ನಾನು ಬಾಗಿಲು ಹಿಡಿದು ನಿಂತೆ. ಅವಳು ಸತ್ತರೆ ಏನು ಹೇಳುವುದು ಎಂದು ಯೋಚಿಸಿದೆ. ಯೋಚನೆ ಬಂದದ್ದು ಹೀಗೇ, ಇದೇ ಮಾತಿನಲ್ಲಿ.

ಕೂಗಿದಳು. ತೆಗೆದೆ. ಕೆಮ್ಮುತ್ತಾ ತೆವಳಿ ಈಚೆ ಬಂದಳು. ಬಲಗೈ ಮೊಣಕೈವರೆಗೆ ಬೆಂದು ಕೆಂಪಾಗಿತ್ತು. ಬೆಂಕಿ ನಂದಿತ್ತು. ಆ ಮೂಲೆಯ ಕೆಳಸಾಲಿನ ನಾಲ್ಕಾರು ಕಡ್ಡಿ ಸೊಪ್ಪು ಹೋಗಿತ್ತು, ಅಷ್ಟೆ. ಅವಳು ತೊಟ್ಟಿಯಲ್ಲಿ ಕೈ ಮುಳುಗಿಸಿ ಕೂತಳು. ನಾನು ಅವಳ ಬೆನ್ನಿಗಂಟಿದ್ದ ಬೂದಿ ಒರೆಸುತ್ತಿದ್ದೆ. ಆಗ ತಿರುಗಿ ನನ್ನ ಮುಖ ನೋಡಿದಳು.

"ಬದೀಲಿ ಹುಲ್ಲು ಕುಯ್ತಿದ್ದ ನಂಗೆ ಬಂತು. ಬಾಗ್ಲಲ್ಲಿ ಕುಂತಿದ್ದ ನಿಂಗೆ ಬರ್ನಿಲ್ಲ."

ನಾನು ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ.

"ಎಷ್ಟು ದಿನಾಯ್ತು?"

"ಐದು."

ಅವಳು ಒದ್ದೆ ಸೆರಗನ್ನು ಮೂಗಿಗೆ ಎಳೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋದಳು. ತಡವಾಗಿತ್ತು. ಇಷ್ಟು ಹೊತ್ತು ನಾನು ಅವಳ ಕತ್ತಿನ ಹತ್ತಿರವೇ ಉಸಿರಾಡಿದ್ದೆ.

"ಯಾರ್ಗೂ ಏಳ್ಬ್ಯಾಡ" ಅಂದೆ.

"ಆವತ್ತು ಬೇಲಿ ತಾವ ನೀನು ನನ್ನ ಮೈ ಮುಟ್ಟಿ ನೋಡ್ನಿಲ್ಲ. ನೋಡ್ದೇನೇ ಕಾಯಿಲೆ ಅಂದೆ. ನಾನೀಗ ಕಣ್ಣಾರೆ ನೋಡಿದೀನಿ." ಇಷ್ಟು ಹೇಳಿ, ಕುಡುಗೋಲು ಹೆಕ್ಕಿಕೊಂಡು, ಹುಲ್ಲಿನ ಹೊರೆ ಅಲ್ಲೇ ಬಿಟ್ಟು ಹೊರಟುಹೋದಳು.

ಇನ್ನು ಜೀಪು ಬರುತ್ತದೆ ಎಂದು ಕಾದೆ. ರಸ್ತೆಯಲ್ಲಿ ಹಾಲಿನ ಗಾಡಿ ಹೋದರೂ ಎದ್ದು ನೋಡುತ್ತಿದ್ದೆ. ಆವತ್ತು ಬರಲಿಲ್ಲ, ಮಾರನೆಯ ದಿನವೂ ಇಲ್ಲ. ಮಂಜುಳ ಬಂದಳು, ಎಂದಿನ ಹಾಗೆ ಕೇಳಿದಳು, ಎಂದಿನ ಹಾಗೆ ಬರೆದುಕೊಂಡಳು. ಆಗ ನನ್ನ ಅನುಮಾನ ಬೇರೆ ಕಡೆ ತಿರುಗಿತು. ಚಿಕ್ಕತಾಯಿ ಯಾಕೆ ಹೇಳಿಲ್ಲ? ಏನು ಕೇಳಬೇಕೆಂದಿದ್ದಾಳೆ? ಬದುವಿನ ಪಕ್ಕದ ಜಾಗವೋ? ಊರ ಮುಂದೆ ಕೈ ಮುಗಿಸಿಕೊಳ್ಳುವುದೋ? ಹೇಳಿದ್ದರೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ಹೇಳದೆ ಇದ್ದದ್ದು ನನ್ನನ್ನು ಕೂರಲು ಬಿಡಲಿಲ್ಲ.

ಬ್ಯಾರನ್ನಿನ ಸೊಪ್ಪು ಇಳಿಸಿದೆವು. ಮಹದೇವ ಸುಟ್ಟ ಮೂಲೆ ನೋಡಿ, ಹೊಸ ಪೈಪು ಹಾಕಿದ. ತೂತಿನ ವಿಷಯ ಮೊದಲೇ ಗೊತ್ತಿತ್ತು ಎಂದು ಅವನಿಗೆ ಹೇಳಲಿಲ್ಲ. ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಚಿಕ್ಕತಾಯಿಯ ಮನೆ ಹಿತ್ತಿಲಲ್ಲಿ ಹಸು ಒಂದೇ ಸಮನೆ ಅರಚುತ್ತಿತ್ತು. ಕೆಚ್ಚಲು ಬಿಗಿದು ನಿಂತಿತ್ತು. ಹಾಲು ಕರೆದಿರಲಿಲ್ಲ. ಬಾಗಿಲು ಮುಚ್ಚಿತ್ತು. ಅಂಗಳದಲ್ಲೇ ನಿಂತು ಕೂಗಿದೆ.

ಒಳಗಿಂದ ಬಹಳ ಹೊತ್ತಿಗೆ ಧ್ವನಿ ಬಂತು. "ಏನಿಲ್ಲ, ಓಗಕ್ಕ. ಮಳೇಲಿ ನೆಂದೆ."

ನಾನು ಹೇಳಿದ್ದ ಸುಳ್ಳೇ. ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಡುನಡುವೆ ಉಸಿರು ಎಳೆದುಕೊಳ್ಳುವುದು ಮಾತ್ರ ಬೇರೆ. ಸಕ್ಕರೆ ಕಾಯಿಲೆಯವಳು, ಸುಟ್ಟ ಕೈ.

ನಾನು ಹೊಲದ ಕಡೆ ನೋಡಿದೆ. ಮೂರನೆಯ ಸಲ ಮುರಿಯಲು ಸೊಪ್ಪು ಹದವಾಗಿ ನಿಂತಿತ್ತು, ಆ ವರ್ಷದ ಒಳ್ಳೆಯ ಎಲೆಯೆಲ್ಲ ಅದರಲ್ಲೇ. ಅವಳನ್ನು ಕರೆದುಕೊಂಡು ಹೋದರೆ ಯಾರ ಹತ್ತಿರ ಇದ್ದೆ ಎಂದು ಕೇಳುತ್ತಾರೆ. ನಾನು ಹೇಳದಿದ್ದರೆ ಅವಳು ಒಳಗೇ ಇರುತ್ತಾಳೆ. ಎಷ್ಟು ದಿನ ಇರುತ್ತಾಳೆ ಎಂಬುದು ಆ ಉಸಿರಿನಲ್ಲೇ ನನಗೆ ಕೇಳಿಸುತ್ತಿತ್ತು. ಬಹಳ ಯೋಚಿಸಿದೆ ಎಂದು ಹೇಳಿಕೊಳ್ಳುವುದಿಲ್ಲ. ಹಸು ಯೋಚಿಸಲು ಬಿಡುತ್ತಿರಲಿಲ್ಲ.

ಮಂಜುಳಳ ಮನೆ ಮುಂದೆ ನಿಂತು ಹೇಳಿದೆ: "ನಂಗೆ ವಾಸ್ನೆ ಬರಲ್ಲ. ಹತ್ತು ದಿನಾಯ್ತು. ಬರ್ಕೊ. ಚಿಕ್ಕತಾಯಿಗೆ ನಾನೇ ಅಂಟುಸಿದ್ದು. ಅದ್ನೂ ಬರ್ಕೊ. ಅವಳಿಗೆ ಉಸ್ರು ಆಡ್ತಿಲ್ಲ, ಬೇಗ ಫೋನ್ ಮಾಡವ್ವ."

ಮಂಜುಳ ಹಲ್ಲುಜ್ಜುತ್ತಿದ್ದಳು. ಬಾಯಿ ಮುಕ್ಕಳಿಸಿ ಉಗಿದು, "ನಂಗೆ ಹತ್ತು ದಿನದಿಂದ ಗೊತ್ತು ಕಣಜ್ಜಿ" ಅಂದಳು. "ನಿಮ್ಮ ಸೊಸೆ ಮುಖ ನೋಡ್ದಾಗ್ಲೇ. ನೀವೇ ಒಪ್ಕೊಳ್ದೆ ನಾನಾಗೇ ಬರ್ಕೊಂಡೋದ್ರೆ ನಾಳೆ ಈ ಬೀದೀಲಿ ನಂಗೆ ನೀರು ಕೊಡೋರ್ಯಾರು?" ಅವಳಿಗೂ ಅವಳ ಭಯ ಇತ್ತು. ನಮ್ಮೂರಿನ ಬಾಯಿ ಅವಳಿಗೆ ಗೊತ್ತು.

ಆಂಬುಲೆನ್ಸು ಬಂತು. ಏಪ್ರಿಲ್ಲಿನಲ್ಲಿ ನಾನು ಕೋಲು ಹಿಡಿದು ಕೂತಿದ್ದ ಜಾಗ ದಾಟಿಯೇ ಬಂತು. ಕಿಟಕಿ ಕಿಟಕಿಯಲ್ಲಿ ಮುಖಗಳು. ಮೈತುಂಬ ಬಿಳಿ ಬಟ್ಟೆ ಹಾಕಿದವರು ಚಿಕ್ಕತಾಯಿಯನ್ನು ನಡೆಸಿಕೊಂಡು ಬಂದರು. ನಾನು ಆಗಲೇ ಒಳಗೆ ಹತ್ತಿ ಕೂತಿದ್ದೆ. ನನ್ನನ್ನು ನೋಡಿ, "ನೀನೇ ಏಳ್ದಾ?" ಅಂದಳು.

"ಊಂ. ನಂದೂ ಏಳಿದೀನಿ."

"ನನ್ನ ಅಸು?"

"ಶಶಿಕಲಾ ನೋಡ್ಕೋತಾಳೆ. ನಮ್ಮ ಮನೆ ಮುಂದೆ ಕಟ್ಟಾಯ್ತು."

ಅವಳನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನನ್ನು ಸ್ವಾಮಣ್ಣ ಹೇಳಿದ್ದ ಹಾಸ್ಟೆಲ್ಲಿಗೆ. ಮೊಟ್ಟೆ ಕೊಟ್ಟರು, ನಿಜ. ರುಚಿ ಗೊತ್ತಾಗಲಿಲ್ಲ. ನಮ್ಮ ಮನೆಗೆ ಬಿದಿರು ಕಟ್ಟಿದರು. ಡೈರಿಯವರು ಹಾಲು ಬೇಡ ಅಂದರು, ಮನೆಯವರೇ ಕುಡಿದರು. ಸೊಪ್ಪು ಮುರಿಯಲು ಯಾರೂ ಬರಲಿಲ್ಲ. ಮೂರನೆಯ ಸೊಪ್ಪೆಲ್ಲ ಗಿಡದಲ್ಲೇ ಹೋಯಿತು. ನಾನು ಹೆದರಿದ್ದೆಲ್ಲ ಒಂದೂ ಬಿಡದೆ ಆಯಿತು. ಆಗಿ ಮುಗಿಯಿತು.

ಚಿಕ್ಕತಾಯಿ ಬಂದದ್ದು ಮೂರು ವಾರ ಕಳೆದು. ಅರ್ಧ ಆಗಿದ್ದಳು. ಹಸು ಬಿಚ್ಚಿಕೊಂಡು ಹೋಗಲು ನಮ್ಮ ಅಂಗಳಕ್ಕೆ ಬಂದಾಗ ಕೇಳಿಯೇಬಿಟ್ಟೆ. "ನಿಂಗೆ ಗೊತ್ತಾದ ದಿನ ಯಾಕೆ ಏಳ್ನಿಲ್ಲ? ಏನು ಮನಸ್ಸಲ್ಲಿಟ್ಕೊಂಡಿದ್ದೆ?"

ಅವಳು ಹಗ್ಗ ಸುತ್ತಿಕೊಳ್ಳುತ್ತಾ ಹೇಳಿದಳು: "ನಿನ್ನ ಉಳ್ಸಕ್ಕೆ ಅಂದ್ಕಂಡಾ? ನಿಂದು ಏಳಿದ್ರೆ ನಂದೂ ಏಳ್ಬೇಕಿತ್ತು. ನಿನ್ನ ಬೂದಿ ಒರಸೋ ಕೈ ನನ್ನ ಬೆನ್ನ ಮೇಲಿತ್ತಲ್ಲ. ಏಳಿದ್ರೆ ನೀವೆಲ್ಲ ನನ್ನ ತಗಂಡೋಗಿ ಮತ್ತೆ ಎಲ್ಲಾರ ಹಾಕೋರು. ಇನ್ನೊಂದು ಹದಿನಾಲ್ಕು ದಿನ ನನ್ ಕೈಲಿ ಆಗ್ತಿರ್ನಿಲ್ಲ ಕಣಕ್ಕ. ಸಾಯದಾದ್ರೆ ನಮ್ಮನೇಲಿ ಸಾಯಾಣ ಅಂದ್ಕಂಡೆ."

ಅವಳು ಹಸು ಹಿಡಿದುಕೊಂಡು ಹೋದಳು. ಒಳ್ಳೆಯತನದ ಮಾತು ಅದರಲ್ಲಿ ಇರಲಿಲ್ಲ. ಅದಕ್ಕೇ ನಂಬಿದೆ.

ಆಮೇಲೆ ಸೂಜಿ ಬಂತು. ಅದರ ಮೇಲೂ ಅನುಮಾನ. ಅವಳು ಮೊದಲು ಹಾಕಿಸಿಕೊಳ್ಳಲಿ ಎಂದು ನಾನು, ನಾನು ಮೊದಲು ಎಂದು ಅವಳು. ಕೊನೆಗೆ ಮಂಜುಳ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಚುಚ್ಚಿಸಿದಳು. ಮೂಗು ಮಾತ್ರ ವಾಪಸ್ ಬರಲಿಲ್ಲ. ಬಂತು ಎಂದು ಮನೆಯಲ್ಲಿ ಹೇಳಿದ್ದೇನೆ. ಇಲ್ಲ ಅಂದರೆ ನನ್ನನ್ನು ಜಗುಲಿಯಲ್ಲಿ ಕೂರಿಸಿ ಮಾತ್ರೆ ಕೊಡುತ್ತಾರೆ. ಬ್ಯಾರನ್ ಹತ್ತಿಸಿದ ಮೇಲೆ ಚಿಕ್ಕತಾಯಿ ದಿನವೂ ಬಂದು ನನ್ನ ಪಕ್ಕ ಕೂರುತ್ತಾಳೆ. ಮಗ ಬಂದು "ಅವ್ವ, ಎಂಗದೆ?" ಅಂದರೆ ಅವಳು ಎಲೆಯಡಿಕೆ ಉಗುಳಲು ಎದ್ದವಳ ಹಾಗೆ ಎದ್ದು, ನನ್ನ ಹಿಂದೆ ಹಾಯುವಾಗ "ಬೆಲ್ಲ" ಅಂತಲೋ "ಕಟ್ಟಿಗೆ" ಅಂತಲೋ ಅಂದು ಹೋಗುತ್ತಾಳೆ. ನಾನು ಅದನ್ನೇ ದೊಡ್ಡದಾಗಿ ಹೇಳುತ್ತೇನೆ. ಇದನ್ನು ಓದಿ ಮಹದೇವನಿಗೆ ಗೊತ್ತಾದರೆ ಆಗಲಿ. ಇಷ್ಟು ವರ್ಷದಲ್ಲಿ ಸೊಪ್ಪು ಕೆಟ್ಟಿಲ್ಲ.

ಪ್ರತಿ ವರ್ಷ ಸೊಪ್ಪು ಏರಿಸುವ ಮುಂಚೆ ನಾನು ಒಂದು ಚಾಪೆ ಹಾಸಿಕೊಂಡು, ಅವಳು ಹದಿನಾಲ್ಕು ದಿನ ಮಲಗಿದ್ದ ಜಾಗದಲ್ಲಿ ಅಂಗಾತ ಮಲಗಿ ಪೈಪಿನ ಅಡಿ ಪೂರ್ತಿ ನೋಡುತ್ತಿದ್ದೆ. ಮಗ ನೋಡಿದ್ದಾನೆ ಅಂದರೂ ಬಿಡುತ್ತಿರಲಿಲ್ಲ. ಈ ವರ್ಷ ನಾನು ಚಾಪೆ ತರುವಷ್ಟರಲ್ಲಿ ಚಿಕ್ಕತಾಯಿ ಬರಿನೆಲದಲ್ಲೇ ಮಲಗಿ, ಟಾರ್ಚು ಬಿಟ್ಟು ಮೂಲೆಯಿಂದ ಮೂಲೆಗೆ ನೋಡಿ, ಮಣ್ಣು ಕೊಡವಿಕೊಂಡು ಎದ್ದಳು.

"ತೂತಿಲ್ಲ. ಅನುಮಾನ ಇದ್ರೆ ನೀನೇ ಮಲ್ಗಿ ನೋಡು" ಅಂದಳು.

"ಮಂಡಿ ನೋಯ್ತದೆ" ಎಂದು ಚಾಪೆ ಸುತ್ತಿದೆ.

ಮಂಡಿ ನೋಯುತ್ತಿರಲಿಲ್ಲ.